ಮೂಗಿಗೆ ಅರಿವೆ ಕಟ್ಟದ ದಿನ

ಚಿನ್ನಕ್ಕೆ ನಾನು ಎಂದೂ ಹೆದರಿದವನಲ್ಲ. ಚಿನ್ನ ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬಳೆ ಸೊಟ್ಟಗಾದರೆ ತಟ್ಟಬಹುದು, ತಟ್ಟಿದ್ದು ಕೆಟ್ಟರೆ ಕರಗಿಸಬಹುದು, ಕರಗಿಸಿ ಮೊದಲಿನಿಂದ ಶುರು ಮಾಡಬಹುದು. ನಾನು ಹೆದರಿದ್ದು ಮೀನಾಕ್ಕೆ. ಬಣ್ಣದ ಗಾಜನ್ನು ಪುಡಿ ಮಾಡಿ ಚಿನ್ನದ ಮೇಲೆ ಹರಡಿ, ಬೆಂಕಿಯಲ್ಲಿ ಕರಗಿಸಿ ಹಿಡಿಸುತ್ತಾರಲ್ಲ, ಅದು ಮೀನಾ. ಒಮ್ಮೆ ಸಿಡಿಯಿತೆಂದರೆ ಬ್ರಹ್ಮ ಬಂದರೂ ಕೂಡಿಸಲಾರ. ನಲವತ್ತೊಂದು ವರ್ಷ ಕೆಲಸ ಮಾಡಿದೆ, ನಲವತ್ತೊಂದು ವರ್ಷವೂ ಹೆದರಿದೆ. ಬಾಗಲಕೋಟೆಯ ಪೇಟೆಯಲ್ಲಿ ನನಗೆ 'ಅಂಜುಬುರುಕ ಪತ್ತಾರ', ಅಂದರೆ ಅಂಜುಬುರುಕ ಅಕ್ಕಸಾಲಿ, ಎಂದೇ ಹೆಸರು. 'ಇವರು ಅಂಜೂದು ಮೀನಾಕ್ಕ, ನನಗಲ್ಲ' ಎಂಬುದು ನನ್ನ ಹೆಂಡತಿಯ ದೂರು.

ಮೂರು ವರ್ಷದ ಹಿಂದೆ ಬಲಗೈ ಹೆಬ್ಬೆರಳು ನಡುಗತೊಡಗಿದಾಗ ಇಳಕಲ್ಲಿನ ಅಂಗಡಿ ಮುಚ್ಚಿದೆ. ಈಚೆಗೆ ನವನಗರದಲ್ಲಿ ನಮ್ಮ ಕಸುಬು ಕಲಿಯುತ್ತಿರುವ ಹತ್ತಿಪ್ಪತ್ತು ಮಂದಿ ನನ್ನನ್ನು ಕರೆದು 'ಅನುಭವ ಹೇಳ್ರಿ' ಎಂದರು. ಎದ್ದು ನಿಂತೆ, ನಮಸ್ಕಾರ ಎಂದೆ, ಚಹಾ ಕುಡಿದು ಬಂದೆ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲು, ಸನ್ಮಾನದ ಸುದ್ದಿ ನಿಮಗೆ ಬೇಡ. ಕೈ ಎಲ್ಲಿ ತಪ್ಪುತ್ತದೆ ಎನ್ನುವುದು ಬೇಕು. ಕೈ ತಪ್ಪಿದ್ದನ್ನೂ ಹೇಳುತ್ತೇನೆ, ಬಾಯಿ ತಪ್ಪಿದ್ದನ್ನೂ ಹೇಳುತ್ತೇನೆ. ಕೊನೆಯದನ್ನು ಇನ್ನೂ ಯಾರಿಗೂ ಹೇಳಿಲ್ಲ. ಅದೊಂದು ಸುಳ್ಳು. ಹೋದ ಶ್ರಾವಣದಲ್ಲಿ ಆಡಿದ್ದು, ಅಂದಿನಿಂದ ಒಂದು ದಿನವೂ ನನ್ನನ್ನು ನೆಟ್ಟಗೆ ಉಣ್ಣಗೊಟ್ಟಿಲ್ಲ.

ನನ್ನ ಪಾಲಿಗೆ ಬಂದ ವಿಶೇಷ ಕೆಲಸ ತಪಕೀರದ ಡಬ್ಬಿಗಳದ್ದು. ತಪಕೀರ ಎಂದರೆ ನಶ್ಯ, ಮೂಗಿಗೆ ಏರಿಸುವ ತಂಬಾಕಿನ ಪುಡಿ. ಸಾಮಾನ್ಯರು ಅದನ್ನು ತಗಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೋಟೆಯಂಥ ದೊಡ್ಡ ವಾಡೆಯಲ್ಲಿದ್ದ ದೇಸಾಯರು, ಅವರ ಬೀಗರು ಚಿನ್ನದ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ಕೆಲವು ದೂರದೇಶದಿಂದ ಕಾಣಿಕೆಯಾಗಿ ಬಂದವು, ಕೆಲವನ್ನು ಅವನ್ನು ನೋಡಿ ನಮ್ಮ ಸೀಮೆಯ ಕುಶಲಿಗರೇ ಮಾಡಿದರು. ನನ್ನ ಕೈಗೆ ಬಂದವು ಹನ್ನೊಂದು. ಅಂಗೈಯಲ್ಲಿ ಅಡಗುವಷ್ಟು ಗಾತ್ರ. ಚಿನ್ನದ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳನ್ನು ಸೂರ್ಯನ ಕಿರಣದಂತೆ ಕೊರೆದು, ಅದರ ಮೇಲೆ ಪಾರದರ್ಶಕ ನೀಲಿ ಮೀನಾ ಹಾಕಿರುತ್ತಾರೆ. ಡಬ್ಬಿಯನ್ನು ತುಸು ಹೊರಳಿಸಿದರೆ ಒಳಗಿನ ಗೆರೆ ಮಿಂಚಿ ನೀಲಿ ಅಲುಗಾಡುತ್ತದೆ. ಅಂಚಿಗೆ ಬಳ್ಳಿ. ಹೂವಿಗೆ ತಾಮ್ರ ಬೆರೆಸಿದ ಕೆಂಪು ಚಿನ್ನ, ಎಲೆಗೆ ಬೆಳ್ಳಿ ಬೆರೆಸಿದ ಹಸಿರು ಛಾಯೆಯ ಚಿನ್ನ. ಕೀಲು ಎಲ್ಲಿದೆ ಎಂದು ಉಗುರಿನಿಂದ ಹುಡುಕಿದರೂ ಸಿಗುವುದಿಲ್ಲ. ತಪಕೀರ ಒಣಗಬಾರದು, ಅದಕ್ಕೇ ಮುಚ್ಚಳ ಅಷ್ಟು ಬಿಗಿ. ಒಂದೇ ಹೆಬ್ಬೆರಳಿನಿಂದ ತೆರೆಯಬೇಕು, ಮುಚ್ಚಿದರೆ ಸಣ್ಣದಾಗಿ 'ಟಪ್' ಎನ್ನಬೇಕು. ಮೂಗಿನ ಚಟಕ್ಕೆ ಇಷ್ಟು ಚೆಂದ ಯಾಕೆ ಎಂದು ಮೊದಲ ಸಲ ನೋಡಿದಾಗ ನಕ್ಕಿದ್ದೆ. ಎರಡನೆಯ ಸಲ ನಗಲಿಲ್ಲ.

ಹಳೆ ಬಾಗಲಕೋಟೆಯ ನಮ್ಮ ಓಣಿ ಆಗ ಇನ್ನೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರಲಿಲ್ಲ. ನನಗೆ ಇಪ್ಪತ್ತನಾಲ್ಕು. ಒಬ್ಬ ಸಾವಕಾರರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಹಿರಿಯ ಕೆಲಸಗಾರ ಮಾನಪ್ಪಜ್ಜ, ನನಗೆ ವಿದ್ಯೆ ಕೊಟ್ಟವನು. ತಪಕೀರದ ಡಬ್ಬಿಗೆ ಅವನದು ಮೂರು ಕಟ್ಟಳೆ. ಮುಟ್ಟುವ ಮೊದಲು ಕಣ್ಣು ತುಂಬ ನೋಡು. ಮೀನಾ ಕಂಡಲ್ಲಿ ಬೆಂಕಿ ಬೇಡ. ಮೂರನೆಯದು ಎಲ್ಲರಿಗೂ ನಗೆ ತರಿಸುತ್ತಿತ್ತು: ಹಳೆ ಡಬ್ಬಿ ತೆರೆಯುವ ಮೊದಲು ಮೂಗಿಗೆ ಅರಿವೆ ಕಟ್ಟಿಕೋ.

"ಎಷ್ಟ ತೊಳದ್ರೂ ಕೀಲಿನ್ಯಾಗ ತಪಕೀರ ಕುಂತಿರತೈತಿ," ಎನ್ನುತ್ತಿದ್ದ. "ಅಜ್ಜ ಸತ್ತ ಅರವತ್ತ ವರ್ಷಾದ್ರೂ ಅಂವನ ತಪಕೀರ ನಿನ್ನ ಮೂಗ ಬಿಡೂದಿಲ್ಲ. ಸೀನೂ ಕೈಗೆ ಕಣ್ಣಿರೂದಿಲ್ಲಲೇ."

ಒಂದು ದಿನ ಬಾದಾಮಿಯಿಂದ ಸರಸಕ್ಕೋರು ಬಂದರು. ಸಾಲಿ ಕಲಿಸಿ ನಿವೃತ್ತರಾದವರು. ಅವರ ಅಜ್ಜನ ಡಬ್ಬಿ, ಹೆಬ್ಬೆರಳಿಟ್ಟು ಎತ್ತುವ ಸಣ್ಣ ಹಿಡಿಕೆ ಕಿತ್ತುಬಂದಿತ್ತು. ಮಾನಪ್ಪಜ್ಜ ಅಂದು ಮಹಾಕೂಟಕ್ಕೆ ಹೋಗಿದ್ದ. ನಾಳೆ ಮಾಡೋಣ ಎಂದೆ. ಸಾವಕಾರರಿಗೆ ತಾಳ್ಮೆ ಎಲ್ಲಿಯದು?

"ಅಷ್ಟಕ್ಕ ಆ ಮುದುಕನ ದಾರಿ ಕಾಯ್ತೀಯೇನೋ? ಹಚ್ಚು ಬೆಸುಗಿ."

ಹಸಿ ಬಟಾಟೆಯನ್ನು ಎರಡು ಹೋಳು ಮಾಡಿ, ಮೀನಾ ಇದ್ದ ಭಾಗವನ್ನು ಅದರಲ್ಲಿ ಒತ್ತಿ ಕೂಡಿಸಿದೆ. ಬಟಾಟೆಯ ನೀರು ಬಿಸಿಯನ್ನು ತಡೆಯುತ್ತದೆ, ಹರಳಿನ ಉಂಗುರಕ್ಕೆ ಹಾಗೆಯೇ ಮಾಡುತ್ತಿದ್ದೆವು. ಊದುಗೊಳವೆ ಬಾಯಿಗಿಟ್ಟು ಜ್ವಾಲೆಯ ತುದಿಯನ್ನು ಹಿಡಿಕೆಗೆ ತಂದೆ. ಬೆಸುಗೆ ಹರಿಯಿತು. ಗೆದ್ದೆ ಎಂದುಕೊಂಡೆ. ಊದುವುದು ನಿಲ್ಲಿಸಿ ಎರಡು ಕ್ಷಣವಾಗಿರಬಹುದು, 'ಟಿಕ್' ಎಂದಿತು. ಮತ್ತೊಂದು 'ಟಿಕ್'. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ನೀಲಿಯ ಒಂದು ಚಕ್ಕೆ ನನ್ನ ಧೋತರದ ಮೇಲೆ ಬಿದ್ದು ಹೊಳೆಯಿತು. ಈಗಲೂ ಅಡುಗೆ ಮನೆಯಲ್ಲಿ ಸಾಸಿವೆ ಸಿಡಿದರೆ ನನ್ನ ಕೈ ತಾನಾಗಿ ಮಡಿಲಿಗೆ ಹೋಗುತ್ತದೆ.

ಸಾವಕಾರರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅರಗಿಗೆ ನೀಲಿ ಕಲಸಿ ತುಂಬು ಎಂದರು. "ಮುದಿ ಕಣ್ಣಿಗೆ ಏನ ಕಾಣತೈತಿ?" ತುಂಬಿದೆ, ಉಜ್ಜಿದೆ, ಹೊಳಪು ಬಂತು. ನಾನೇ ಬಾದಾಮಿಗೆ ಒಯ್ದು ಕೊಟ್ಟು ಬಂದೆ. ಅಕ್ಕೋರು ನನಗೆ ಮಂಡಕ್ಕಿ ಕೊಟ್ಟರು. ಅದನ್ನು ಧೋತರದ ಅಂಚಿಗೆ ಕಟ್ಟಿಕೊಂಡು ಎದ್ದೆ.

ಅಲ್ಲಿಂದ ಬೇಸಿಗೆಯವರೆಗೆ ಬಾದಾಮಿ ಬಸ್ಸಿನ ಹೊತ್ತಾಯಿತೆಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಕ್ಕೋರಂತೆ ಬಿಳಿ ಸೀರೆ ಉಟ್ಟ ಯಾರೇ ಅಂಗಡಿಯ ಮುಂದೆ ಹಾದರೂ ತಲೆ ತಗ್ಗಿಸುತ್ತಿದ್ದೆ. ಬಾದಾಮಿಯ ಬಂಡೆಗಳು ಕಾದವು. ಅರಗು ಮೆತ್ತಗಾಯಿತು. ಒಂದು ದಿನ ಅವರು ಬಂದೇ ಬಂದರು. ಕೂಗಾಡಲಿಲ್ಲ. ನನ್ನ ಎದುರು ಕೂತು ಹೆಬ್ಬೆರಳು ತೋರಿಸಿದರು. ಬೆರಳ ತುದಿ ನೀಲಿಯಾಗಿತ್ತು.

"ನಮ್ಮಜ್ಜನ ಡಬ್ಬಿ ಇಷ್ಟ ವರ್ಷ ಯಾರ ಕೈಗೂ ಬಣ್ಣ ಹಚ್ಚಿರಲಿಲ್ಲ, ಕಾಳಪ್ಪ," ಎಂದರು. "ಒಡದಿದ್ರ ಒಡದೈತಿ ಅನಬೇಕಿತ್ತು. ನಾ ಏನ ನಿನ್ನ ನುಂಗತಿದ್ನಿ?"

ಸಾವಕಾರರು ಊಟದ ನೆವ ಹೇಳಿ ಒಳಗೆ ಹೋದರು. ಹೊತ್ತು ಹನ್ನೊಂದೂ ಆಗಿರಲಿಲ್ಲ. ಮಾನಪ್ಪಜ್ಜ ಎದ್ದು ಬಂದು ಅಕ್ಕೋರ ಕಾಲಿಗೆ ಬಿದ್ದ, ನಾನು ಮಾಡಿದ ತಪ್ಪಿಗೆ. ಎಪ್ಪತ್ತು ದಾಟಿದ ಮುದುಕ. ಆಮೇಲೆ ನನಗೆ ನಾಲ್ಕನೆಯ ಕಟ್ಟಳೆ ಹೇಳಿದ. "ತಪ್ಪು ಮಾಲಕರ ಕಣ್ಣಿಗೆ ಬೀಳೂದ್ರೊಳಗ ನಿನ್ನ ಬಾಯಿಂದ ಬೀಳಬೇಕು. ಇದೊಂದ ಮರತಿ ಅಂದ್ರ ನನ್ನ ಹೆಸರ ಹೇಳಬ್ಯಾಡ." ಅವನ ಹೆಸರನ್ನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೋದ ಶ್ರಾವಣದಿಂದ ಹೇಳುವಾಗ ನಾಲಿಗೆ ತಡೆಯುತ್ತದೆ.

ಹಿನ್ನೀರು ಏರಿ ನಮ್ಮ ಓಣಿ ಮುಳುಗಡೆಗೆ ಹೋದ ಮೇಲೆ ಸಾವಕಾರರು ನವನಗರಕ್ಕೆ ಹೋದರು. ನಾನು ಹೆಂಡತಿಯ ತವರಾದ ಇಳಕಲ್ಲಿಗೆ ಬಂದು ಸಣ್ಣ ಅಂಗಡಿ ಹಾಕಿದೆ. ಎಡಕ್ಕೆ ಮಗ್ಗದ ಮನೆ, ಬಲಕ್ಕೆ ಮಗ್ಗದ ಮನೆ. ಅವರು ಲಾಳಿ ಹೊಡೆಯುವ ತಾಳಕ್ಕೆ ನಾನು ಸುತ್ತಿಗೆ ಬಡಿಯುತ್ತಿದ್ದೆ. ಒಂದು ಮುಂಜಾನೆ ಅಣ್ಣತಮ್ಮ ಇಬ್ಬರು ಬಂದರು, ಹಿಂದೆ ಏಳೆಂಟು ಜನ ಬೀಗರು. ಮನೆ ಪಾಲಾಗುತ್ತಿತ್ತು. ಎಲ್ಲಾ ಹಂಚಿ ಉಳಿದದ್ದು ಒಂದು ತಪಕೀರದ ಡಬ್ಬಿ, ಮುಚ್ಚಳದ ಮೇಲೆ ನೀಲಿಯ ನಡುವೆ ಬಿಳಿ ಮೀನಾದ ಎರಡು ಹಕ್ಕಿ.

"ಇಬ್ಬರಿಗೂ ಸಮ ಆಗಬೇಕ್ರಿ. ಕರಗಿಸಿ ಎರಡ ಗಟ್ಟಿ ಮಾಡ್ರಿ," ಎಂದ ಅಣ್ಣ.

ಇಂಥ ಡಬ್ಬಿ ಇನ್ನು ಹುಟ್ಟುವುದಿಲ್ಲ, ಒಬ್ಬರು ಇಟ್ಟುಕೊಂಡು ಇನ್ನೊಬ್ಬರಿಗೆ ಬೇರೆ ಏನಾದರೂ ಕೊಡಿರೆಂದು ಬೇಡಿಕೊಂಡೆ. ಯಾರು ಇಟ್ಟುಕೊಳ್ಳಬೇಕು ಎಂಬುದಕ್ಕೇ ಜಗಳ ಶುರುವಾಯಿತು. ಕರಗಿಸಲೇಬೇಕಾಯಿತು. ನನಗೆ ಹಕ್ಕಿಗಳ ಚಿಂತೆಗಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂದು ಊರೇ ಆಡುತ್ತದೆ. ಮೀನಾ ಗಾಜು, ಗಾಜಿಗೂ ತೂಕವಿದೆ. ಡಬ್ಬಿಯಾಗಿ ತೂಗಿದ್ದು ಒಂದು, ಕರಗಿದ ಮೇಲೆ ತೂಗುವುದು ಇನ್ನೊಂದು. ಆ ಕಡಿಮೆಯಾದದ್ದು ಎಲ್ಲಿ ಹೋಯಿತು ಎಂದು ಹತ್ತು ಜನ ಹದಿನೆಂಟು ಕಣ್ಣಲ್ಲಿ ನೋಡುತ್ತಾರೆ. ಒಬ್ಬನಿಗೆ ಒಂದೂ ಕಣ್ಣಿಲ್ಲದಿದ್ದರೂ ಅನುಮಾನ ಇದ್ದೇ ಇರುತ್ತದೆ.

ಬಿಳಿ ಅರಿವೆ ಹಾಸಿ ಎಲ್ಲರನ್ನೂ ಸುತ್ತ ಕೂಡಿಸಿದೆ. ಹಕ್ಕಿಗಳ ಮೇಲೆ ಸುತ್ತಿಗೆ ಎತ್ತಿದಾಗ ತೋಳು ನನ್ನದೇ ಅಲ್ಲವೇನೋ ಎನಿಸಿತು. ಬಡಿದೆ. ಉದುರಿದ ಒಂದೊಂದು ಚೂರನ್ನೂ ಆರಿಸಿ ಕಾಗದದಲ್ಲಿ ಕೂಡಿಸಿದೆ. ಕೊನೆಗೆ ಎರಡು ಗಟ್ಟಿಯ ಜೊತೆ ಆ ಚೂರನ್ನೂ ತಕ್ಕಡಿಗೆ ಹಾಕಿ, ಮೊದಲಿನ ತೂಕಕ್ಕೆ ಮುಳ್ಳು ಬಂದು ನಿಂತಾಗ ಉಸಿರು ಬಿಟ್ಟೆ. "ಚೂರೂ ನಿಮ್ಮವ, ಒಯ್ಯಿರಿ" ಎಂದೆ. ತಮ್ಮ ನಕ್ಕು, "ಗಾಜ ತಗೊಂಡ ಏನ ಮಾಡೂಣ್ರಿ?" ಎಂದ. ಅವು ಇನ್ನೂ ನನ್ನ ಬಳಿ ಒಂದು ಔಷಧದ ಸೀಸೆಯಲ್ಲಿವೆ. ಹಕ್ಕಿಯ ಒಂದು ಕಣ್ಣು ಮಾತ್ರ ಗುರುತು ಸಿಗುತ್ತದೆ.

ಈಗ ಕಾಲ ಬೇರೆ. ನವನಗರದ ಅಂಗಡಿಗಳಲ್ಲಿ ಲೇಸರ್ ಯಂತ್ರ ಬಂದಿದೆ. ಸೂಜಿಮೊನೆಯಷ್ಟು ಜಾಗ ಕಾಯಿಸಿ ಬೆಸುಗೆ ಹಾಕುತ್ತದೆ, ಪಕ್ಕದ ಮೀನಾಕ್ಕೆ ಸುದ್ದಿಯೇ ಇಲ್ಲ. ಮುಟ್ಟುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಬಹುದು, ಒಡೆದದ್ದು ನಿಮ್ಮ ಕೈಯಲ್ಲೋ ಮೊದಲೇ ಒಡೆದಿತ್ತೋ ಎಂಬ ಜಗಳ ಇಲ್ಲ. ಇದೆಲ್ಲಾ ಒಳ್ಳೆಯದೇ, ನಾನು ಮುದುಕನಂತೆ ಮೂಗು ಮುರಿಯುವುದಿಲ್ಲ. ಆದರೆ ತೊಳೆಯುವುದಕ್ಕೆ ನೀರನ್ನು ಥರಥರ ನಡುಗಿಸುವ ಯಂತ್ರ ಬಂದಿದೆಯಲ್ಲ, ಅದರಲ್ಲಿ ಮಾತ್ರ ಹಳೆ ಮೀನಾ ಹಾಕಬೇಡಿ. ಒಬ್ಬರು ಹಾಕಿ ತೆಗೆದಾಗ ಬೋಳು ಚಿನ್ನ ಬಂತು, ಬಣ್ಣವೆಲ್ಲಾ ತಳದಲ್ಲಿ ಕೂತಿತ್ತು. ಯಂತ್ರ ಹೆದರುವುದಿಲ್ಲ. ನೀವು ಹೆದರಬೇಕು.

ಇನ್ನು ಹುನಗುಂದದ ಮಾತು. ಇದಕ್ಕಾಗಿಯೇ ಬರೆಯಲು ಕೂತದ್ದು, ಆದರೂ ಇಷ್ಟು ಹೊತ್ತು ಅದರ ಸುತ್ತ ಸುಳಿದಾಡಿದೆ.

ಅಂಗಡಿ ಮುಚ್ಚುವ ಮೂರು ವರ್ಷ ಮೊದಲು ಒಂದು ಮುಂಜಾನೆ ಶಂಕ್ರಪ್ಪ ಎಂಬವರು ಹುನಗುಂದದಿಂದ ಮೋಟರ್ ಸೈಕಲ್ ಮೇಲೆ ಬಂದರು. ನೀರಾವರಿ ಕಚೇರಿಯಲ್ಲಿ ಗುಮಾಸ್ತರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಮುಖ ಬಿಳಚಿಕೊಂಡಿತ್ತು.

"ನಮ್ಮವ್ವ ನಿನ್ನಿಯಿಂದ ನೀರ ಮುಟ್ಟಿಲ್ರಿ. ಕರಡಿಗಿ ತೆರೀವಲ್ದು."

ಲಿಂಗಾಯತ ಮನೆಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೊರಳಿಗೆ ಕಟ್ಟುವ ಭರಣಿಗೆ ಕರಡಿಗೆ ಎನ್ನುತ್ತಾರೆ, ಸಾಮಾನ್ಯವಾಗಿ ಬೆಳ್ಳಿಯದು. ಅವರ ತಾಯಿ ನೀಲವ್ವನವರಿಗೆ ಎಂಬತ್ತೆರಡು. ಲಿಂಗಪೂಜೆಯಾಗದೆ ಹನಿ ನೀರೂ ಬಾಯಿಗೆ ಹಾಕುವವರಲ್ಲ. ಹಿಂದಿನ ಸಂಜೆ ಕರಡಿಗೆ ಕೈಜಾರಿ ಫರಸಿ ಕಲ್ಲಿನ ನೆಲದ ಮೇಲೆ ಬಿದ್ದಿತ್ತು. ಅಂಚು ನಗ್ಗಿ, ಮುಚ್ಚಳ ಕಚ್ಚಿಕೊಂಡು ಕೂತಿತ್ತು. ಲಿಂಗ ಒಳಗೆ. ಹುನಗುಂದದ ಇಬ್ಬರು ಪತ್ತಾರರು ನೋಡಿ, ಕೈ ಮುಗಿದು ಹೋಗಿದ್ದರಂತೆ. ನವನಗರಕ್ಕೆ ಒಯ್ಯುತ್ತೇವೆ ಎಂದರೆ ಆಕೆ ಲಿಂಗವನ್ನು ಮನೆಯ ಹೊಸ್ತಿಲು ದಾಟಿಸಗೊಡಲೊಲ್ಲರು. ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುತ್ತೇನೆ ಎಂದರೂ ಒಪ್ಪಿರಲಿಲ್ಲ.

ಅವರ ಪಡಸಾಲೆಯಲ್ಲಿ ಕೂತಾಗ ಆ ಮಾತನ್ನು ಆಕೆಯ ಬಾಯಿಂದಲೇ ಕೇಳಿದೆ. ತುಟಿ ಒಣಗಿ ಬಿಳಿಯಾಗಿದ್ದವು, ದನಿ ಮಾತ್ರ ಗಟ್ಟಿ. "ಒಳಗ ಇರಾಂವ ಇದ್ದಾನ. ಅಂವ ಇರೂಮುಂದ ಇನ್ನೊಬ್ಬನ್ನ ಹೆಂಗ ಕಟಗೊಳ್ಲಿ? ನೀ ತೆಗಿ ಪತ್ತಾರ. ತಗೀಲಿಲ್ಲಂದ್ರ ನಾ ಹಿಂಗ ಹೋಗತೇನಿ."

ಸೊಸೆ ಬಿಳಿ ಅರಿವೆ ಬಿಚ್ಚಿ ಕರಡಿಗೆಯನ್ನು ನನ್ನ ಮುಂದೆ ಇಟ್ಟಳು. ನೋಡಿದೆ. ನೀಲಿ ಮೀನಾ, ಒಳಗೆ ಕಿರಣದ ಗೆರೆ, ಮೂರು ಬಣ್ಣದ ಚಿನ್ನದ ಬಳ್ಳಿ, ಉಗುರಿಗೆ ಸಿಗದ ಕೀಲು. ಜಗತ್ತಿನಲ್ಲಿ ಯಾರೂ ಅದನ್ನು ಕರಡಿಗೆ ಎಂದು ಮಾಡಿರಲಿಲ್ಲ. ಅದು ಅಪ್ಪಟ ತಪಕೀರದ ಡಬ್ಬಿ.

"ನಮ್ಮಜ್ಜಿಯಿಂದ ಬಂದ ಕರಡಿಗಿರಿ," ಎಂದರು ಶಂಕ್ರಪ್ಪ. "ಎಷ್ಟ ತಲಿಮಾರಿನ ಪೂಜಿ ಆಗೇತೇನೊ."

"ಹೌದ್ರಿ, ಹಳೇ ಕರಡಿಗಿ," ಎಂದೆ. ಬೇರೆ ಏನು ಹೇಳಲಿ? ನಿಮ್ಮ ತಾಯಿ ದೇವರನ್ನು ತಂಬಾಕಿನ ಡಬ್ಬಿಯಲ್ಲಿ ಇಟ್ಟಿದ್ದಾರೆ ಎನ್ನಲೇ, ಉಪವಾಸ ಕೂತ ಎಂಬತ್ತೆರಡರ ಜೀವದ ಎದುರು?

ಬಿದಿರಿನ ಸೀಳು ಕೆತ್ತಿ ಅಂಚಿನ ಸುತ್ತ ಆಡಿಸಿದೆ. ವರ್ಷಗಟ್ಟಲೆ ಒದ್ದೆ ವಿಭೂತಿ ಕೂತು ಸುಣ್ಣದ ಗಾರೆಯಾಗಿತ್ತು. ಒಂದು ತಾಸು ಕಳೆಯಿತು. ಕಾಯಿಸುವಂತಿಲ್ಲ, ಮೀಟುವಂತಿಲ್ಲ, ಹುಳಿ ಹಾಕಿದರೆ ಒಳಗಿನ ಲಿಂಗದ ಕಂಥಿಗೆ, ಆ ಕಪ್ಪು ಲೇಪಕ್ಕೆ, ಏನಾಗುತ್ತದೋ ಗೊತ್ತಿಲ್ಲ. ಆಕೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಸೊಸೆ ಪದೇ ಪದೇ ಹೋಗಿ ಮೂಗಿನ ಹತ್ತಿರ ಕೈಯಿಟ್ಟು ಉಸಿರು ನೋಡುತ್ತಿದ್ದಳು. ಹಾಗೆ ನೋಡಿದಾಗಲೆಲ್ಲ ನಾನು ಸೀಳು ಆಡಿಸುವುದನ್ನು ನಿಲ್ಲಿಸುತ್ತಿದ್ದೆ. ಉಳಿದದ್ದು ಒಂದೇ ದಾರಿ. ಕೀಲಿನ ಒಳಗಿನ ಸಣ್ಣ ಮೊಳೆಯನ್ನು ಉಕ್ಕಿನ ಸೂಜಿಯಿಂದ ಹಿಂದಕ್ಕೆ ತಳ್ಳಿ ತೆಗೆದರೆ, ಮುಚ್ಚಳವನ್ನು ಬೆನ್ನ ಕಡೆಯಿಂದ ಎತ್ತಬಹುದು.

ಕೀಲು ಎಂದೊಡನೆ ಕೈ ರೂಢಿಯಂತೆ ಚೀಲಕ್ಕೆ ಹೋಯಿತು. ಅರಿವೆ ತೆಗೆದು ಮೂಗಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಶಂಕ್ರಪ್ಪ ಕೇಳಿದರು.

"ಮೂಗಿಗ್ಯಾಕ್ರಿ ಅರವಿ?"

ಧೂಳು ಬರುತ್ತದೆ ಎಂದಿದ್ದರೆ ಮುಗಿಯುತ್ತಿತ್ತು. ಹೆದರಿದವನಿಗೆ ಸರಳ ಉತ್ತರ ಹೊಳೆಯುವುದಿಲ್ಲ. ನನ್ನ ನಾಲಿಗೆಯ ಮೇಲೆ ಬಂದು ನಿಂತದ್ದು ಒಂದೇ ಶಬ್ದ, ತಪಕೀರ. ಅದು ಹೊರಬಿದ್ದೀತೆಂದು ಗಾಬರಿಯಾಗಿ, "ಏನಿಲ್ರಿ, ಬೆವರಿಗೆ" ಎಂದು ಮುಖ ಒರೆಸಿಕೊಂಡು ಅರಿವೆಯನ್ನು ತೊಡೆಯ ಕೆಳಗೆ ಹಾಕಿಕೊಂಡೆ. ಇಷ್ಟು ವರ್ಷದ ಪೂಜೆಯಲ್ಲಿ ತಪಕೀರ ಎಲ್ಲಿ ಉಳಿದಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೂಜಿ ಇಟ್ಟೆ. ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು. ಮೊಳೆ ಕದಲಿತು. ಎರಡನೆಯ ಪೆಟ್ಟಿಗೆ ಕೀಲಿನಿಂದ ಬಿಳಿ ಪುಡಿ ಉದುರಿತು. ಅದರ ಹಿಂದೆ ಕಂದು ಪುಡಿ. ಕಣ್ಣಿಗೆ ಭೂತಗಾಜಿನ ದುರ್ಬೀನು ಹಾಕಿಕೊಂಡು ಬಗ್ಗಿದ್ದ ನನ್ನ ಮೂಗಿಗೆ ಅದು ನೇರ ಏರಿತು. ಮಾನಪ್ಪಜ್ಜನ ದನಿ ಕಿವಿಯಲ್ಲಿ ಕೇಳಿತು, ತಡವಾಗಿ. ಮೂರನೆಯ ಪೆಟ್ಟು ಎತ್ತಿದ ಕೈ ಇಳಿಯುವಾಗಲೇ ಸೀನು ಬಂತು.

ಸೂಜಿ ಜಾರಿತು. 'ಟಿಕ್.'

ಮೂಲೆಯಲ್ಲಿ ಅಕ್ಕಿಕಾಳಿನಷ್ಟು ನೀಲಿ ಹೋಗಿ ಬೋಳು ಚಿನ್ನ ಕಂಡಿತು. ಹೆಬ್ಬೆರಳಿನಿಂದ ಮುಚ್ಚಿದೆ. ಯಾರಿಗೂ ಕಾಣಲಿಲ್ಲ, ಎಲ್ಲರ ಲಕ್ಷ್ಯ ಬೇರೆ ಕಡೆ ಇತ್ತು. ಒಂಟಿ ಸೀನು ಅಪಶಕುನ. ಶಂಕ್ರಪ್ಪ ಹೆಂಡತಿಯ ಮುಖ ನೋಡಿದರು, ಆಕೆ ದೇವರ ಜಗಲಿಯ ಕಡೆ ನೋಡಿದಳು. ನೀಲವ್ವ ಕಣ್ಣು ತೆರೆದು ನನ್ನನ್ನೇ ನೋಡಿದರು, ಬಹಳ ಹೊತ್ತು.

"ಇನ್ನೊಂದ ಸೀನಪಾ," ಎಂದರು. "ಒಂಟಿ ಸೀನಿಗೆ ಕೆಲಸ ಕೆಡತೈತಿ."

ಬರದ ಸೀನನ್ನು ಬರಿಸಿಕೊಂಡು ಸೀನಿದೆ. ಜೀವಮಾನದಲ್ಲಿ ಮಾಡಿದ ಏಕೈಕ ನಾಟಕ. ಮೊಳೆ ಹೊರಬಂತು. ಮುಚ್ಚಳ ಎತ್ತಿದೆ. ಒಳಗೆ ವಿಭೂತಿಯಲ್ಲಿ ಲಿಂಗ ಕ್ಷೇಮವಾಗಿತ್ತು. ಆಕೆ ಎರಡೂ ಕೈ ಚಾಚಿ ತೆಗೆದುಕೊಂಡಾಗ ನಾನು ಗೋಡೆಯ ಕಡೆ ತಿರುಗಿ ಕೂತೆ. ಸೊಸೆ ಬಿಕ್ಕಿದ ಸದ್ದು ಕೇಳಿತು. ನನಗೂ ಕಣ್ಣಲ್ಲಿ ನೀರು ಬಂತು, ತಪಕೀರದಿಂದ ಎಂದುಕೊಂಡೆ.

ಪೂಜೆಯಾಯಿತು. ನುಚ್ಚು, ಮಜ್ಜಿಗೆ ಉಂಡರು. ಶಂಕ್ರಪ್ಪ ಅಯ್ಯನವರಿಗೆ ಸುದ್ದಿ ಮುಟ್ಟಿಸಲು ಹೋದರು, ಸೊಸೆ ಒಲೆಯ ಮುಂದಿದ್ದಳು. ಅಂಚಿನ ನಗ್ಗು ತಿದ್ದಿ, ಹೊಸ ಮೊಳೆ ಹಾಕಿ ಡಬ್ಬಿಯನ್ನು ಆಕೆಯ ಮುಂದೆ ಇಟ್ಟೆ. ಚೂರು ಹೋದ ಜಾಗದ ಮೇಲಿನ ಹೆಬ್ಬೆರಳು ಎತ್ತಲೇಬೇಕಿತ್ತು.

"ಅವ್ವಾರ, ತಪ್ಪಾತ್ರಿ. ಸೀನಿದಾಗ ಇಲ್ಲಿ ಒಂದ ಚೂರು ಹೋತು. ನನ್ನ ಹತ್ರ ಹಳೇ ನೀಲಿ ಚೂರ ಅದಾವ್ರಿ, ತುಂಬಬೇಕಂದ್ರ ಬೆಂಕಿ ಹಿಡೀಬೇಕು. ಬೆಂಕಿ ಹಿಡದ್ರ ಉಳದದ್ದೂ ಹೋಗತೈತಿ."

ಆಕೆ ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು.

"ಅರವಿ ಯಾಕ ಕಟಗೊಳ್ಳಲಿಲ್ಲ? ಬಾಯಿಗೆ ಬಂದ ಮಾತು ನುಂಗಿದಿ ಅಲ್ಲ?"

ನಾನು ಸೂಜಿ, ಸುತ್ತಿಗೆ ಚೀಲಕ್ಕೆ ಹಾಕತೊಡಗಿದೆ.

"ಆ ಸೀನು ನನಗ ಗೊತ್ತೈತಿ. ನಮ್ಮತ್ತಿ ಹಂಗ ಸೀನತಿದ್ದಳು," ಎಂದರು, ದನಿ ತಗ್ಗಿಸಿ. "ವಾಡೇದಿಂದ ಬಂದ ಮಗಳು. ಚಿನ್ನದ ಡಬ್ಬಿ ಸೆರಗಿನ್ಯಾಗ ಇಟಗೊಂಡ ಕದ್ದ ಏರಸ್ತಿದ್ದಳು. ನಮ್ಮ ಮಾವ ಲಿಂಗೈಕ್ಯ ಆದ ದಿನಾ ತಪಕೀರ ಹಿತ್ತಲಕ್ಕ ಸುರುವಿ ಬಿಟ್ಟಳು. ಮುಂದ ಬೆಳ್ಳಿ ಕರಡಿಗಿ ಕಳುವಾದಾಗ ಇದನ್ನ ಒಂಬತ್ತ ದಿನಾ ವಿಭೂತ್ಯಾಗ ಹುಗದಿಟ್ಟು, ಲಿಂಗಾ ಇಟಗೊಂಡಳು. ಹಾಸಿಗಿ ಹಿಡದಾಗ ನನಗೊಬ್ಬಾಕಿಗೆ ಹೇಳಿದಳು."

"ಒಮ್ಮೆಯಾದ್ರೂ ಪತ್ತಾರರ ಕಡೆ ತೊಳಸಬೇಕಿತ್ರಿ."

"ಯಾಂವರ ನೋಡಿ ಇದು ಡಬ್ಬಿ ಅಂದಗಿಂದಾನು ಅಂತ ಅಂಜಿಕಿ. ದೇವರಿಗೆ ಅಂಜಿಲ್ಲ. ಲಿಂಗಾ ಕುಂತ ಮ್ಯಾಲ ಅದು ಕರಡಿಗೀನ. ಮಗಗ ಅಂಜೇನಿ. ಅಂವ ಭಾಳ ಸೂಕ್ಷ್ಮ, ಕೇಳಿದ್ರ ಮನಸಿಗೆ ಹಚಗೋತಾನ. ಅಂವಗ ಹೇಳಬ್ಯಾಡ, ನನ್ನಾಣಿ."

ಹಾಗೆಂದು ವಿಭೂತಿ ಗಟ್ಟಿಯ ಮೇಲೆ ಹೆಬ್ಬೆರಳು ಉಜ್ಜಿ, ನೀಲಿ ಹೋದ ಜಾಗಕ್ಕೆ ಒತ್ತಿದರು. ಬೋಳು ಚಿನ್ನ ಬೆಳ್ಳಗಾಯಿತು. ನಾನು ಹೇಳುವುದಿಲ್ಲ ಎಂದೆ.

ಹೋದ ಶ್ರಾವಣದಲ್ಲಿ ನೀಲವ್ವನವರು ಲಿಂಗೈಕ್ಯರಾದರು. ಸುದ್ದಿ ಕೇಳಿ ಬಸ್ಸು ಹಿಡಿದು ಹೋದೆ. ಅವರಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟೇ ಮಣ್ಣು ಮಾಡುತ್ತಾರೆ. ಎಲ್ಲಾ ಮುಗಿದು ಜನ ಕರಗಿದ ಮೇಲೆ ಶಂಕ್ರಪ್ಪ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು. ಮಡಚಿದ ಬಿಳಿ ಅರಿವೆ ಕೈಯಲ್ಲಿತ್ತು.

"ಲಿಂಗ ಅವ್ವನ ಕೂಡ ಹೋತ್ರಿ. ಡಬ್ಬಿ ಉಳೀತು."

ನಾನು ಥಟ್ಟನೆ ಅವರ ಮುಖ ನೋಡಿದೆ. ಆ ಮನೆಯಲ್ಲಿ 'ಡಬ್ಬಿ' ಎಂಬ ಶಬ್ದವನ್ನು ನಾನು ಕೇಳಿದ್ದು ನೀಲವ್ವನವರ ಬಾಯಲ್ಲಿ ಮಾತ್ರ. ಅವರಿಗೂ ತಮ್ಮ ಬಾಯಿ ತಪ್ಪಿದ್ದು ತಿಳಿಯಿತು, ಆದರೆ ತಿದ್ದಿಕೊಳ್ಳಲಿಲ್ಲ.

"ನೀವು ಸೀನಿದ ದಿನಾ ನನಗ ವಾಸನಿ ಬಂತ್ರಿ. ನಮ್ಮ ಕಚೇರಿ ಮುದುಕರು ಏರಸತಿದ್ರಲ್ಲ, ಅದ ವಾಸನಿ. ಅವತ್ತ ಗೊತ್ತಾತು. ಅವ್ವಗ ಹೇಳಲಿಲ್ಲ. ಹೇಳಿದ್ರ ಆಕಿ ಜೀವ ಬಿಡತಿದ್ದಳು. ಐದ ವರ್ಷ ಆಕಿ ಮುಂದ ಕರಡಿಗಿ ಅನ್ನೂಮುಂದ ನಾಲಿಗಿ ಹಿಡಕೊಂಡ ಅಂದೇನಿ." ಅವರು ಅರಿವೆಯ ಮಡಿಕೆ ಬಿಚ್ಚಿ ಮತ್ತೆ ಮಡಚಿದರು. "ಖರೆ ಹೇಳ್ರಿ ಪತ್ತಾರ್ರ. ಅವ್ವಗ ಗೊತ್ತಿರಲಿಲ್ಲಲ್ಲ?"

ಆಣೆ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ತಾಯಿ ಮಗ ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ಅಂಜಿ ಐದು ವರ್ಷ ಕಳೆದರು ಎಂದು ಈಗ ತಿಳಿದರೆ, ಹಸಿ ಮಣ್ಣಿನ ಎದುರು ಈ ಮನುಷ್ಯನ ಗತಿಯೇನು?

"ಇಲ್ರಿ," ಎಂದೆ. "ಅವರಿಗೇನೂ ಗೊತ್ತಿರಲಿಲ್ಲ."

ಅವರು ನನ್ನ ಕೈ ಹಿಡಿದುಕೊಂಡರು. ಬಸ್ಸಿನಲ್ಲಿ ಅಮೀನಗಡದ ಒಬ್ಬರು ಪಕ್ಕದಲ್ಲಿ ಕೂತು ಏನೇನೋ ಮಾತಾಡಿದರು, ನನಗೆ ಒಂದೂ ಕೇಳಲಿಲ್ಲ. ಅರಗು ತುಂಬಿದ ಡಬ್ಬಿ ಕೊಟ್ಟು ಬಾದಾಮಿಯಿಂದ ಬಂದ ಆ ದಿನದ ಹಾಗೆಯೇ ಇತ್ತು. ಒಡೆದ ಜಾಗಕ್ಕೆ ನಾನು ಎರಡನೆಯ ಸಲ ಅರಗು ತುಂಬಿದ್ದೆ.

ಕಲಿಯುವ ಮಕ್ಕಳೇ, ನಿಮಗೆ ಹೇಳುವುದು ಮುಗಿಯಿತು. ಮೂಗಿಗೆ ಅರಿವೆ ಕಟ್ಟಿಕೊಳ್ಳಿ. ಯಾಕೆ ಎಂದು ಕೇಳಿದರೆ ಹೇಳಿ.

ಉಳಿದ ನಾಲ್ಕು ಮಾತು ಹುನಗುಂದಕ್ಕೆ. ಈ ಬರಹವನ್ನು ಬೇರೆ ಯಾರೂ ಓದುವ ಮೊದಲು ಅಂಚೆಯಲ್ಲಿ ಅಲ್ಲಿಗೆ ಕಳಿಸುತ್ತಿದ್ದೇನೆ. ನೀಲವ್ವನವರ ಆಣೆ ಮುರಿಯುತ್ತಿದ್ದೇನೆ, ಆಕೆ ಕ್ಷಮಿಸಲಿ. ಮಗನಿಗೆ ತಿಳಿಯಬಾರದೆಂದು ಹಾಕಿದ ಆಣೆ, ಮಗನಿಗೆ ಮೊದಲೇ ತಿಳಿದಿತ್ತು.

ಶಂಕ್ರಪ್ಪ, ಅವತ್ತ ಬೇವಿನ ಗಿಡದ ಬುಡಕ ನಾ ಸುಳ್ಳ ಹೇಳಿದ್ನಿರಿ. ನಿಮ್ಮವ್ವಗ ಗೊತ್ತಿತ್ತು. ಆಕಿ ಅಂಜಿದ್ದು ನಿಮಗ.